ನಲವತ್ತನೆಯ ಕಾಗದ

ಸ್ಕಾರ್‌ವಿಕ್‌ನಲ್ಲಿ ಯಾರಾದರೂ ಸತ್ತರೆ ಮೊದಲು ಪೆಟ್ಟಿಗೆ ಮಾಡುವ ಬಡಗಿಗೆ ಹೇಳಿಕಳಿಸುತ್ತಿದ್ದರು, ಆಮೇಲೆ ಥರ್ಜಾಳಿಗೆ. ಯಾರ್ಕ್‌ಷೈರ್ ಕಡಲಂಚಿನ ಆ ಬೆಸ್ತರ ಹಳ್ಳಿಯಲ್ಲಿ ಮಣ್ಣಿಗೆ ಬಂದವರಿಗೆಲ್ಲ ತಲಾ ಒಂದು ಬಿಸ್ಕತ್ತು ಕೊಡುವುದು ಪದ್ಧತಿ. ಬಿಸ್ಕತ್ತಿಗೆ ಸುತ್ತಿದ ಬಿಳಿ ಕಾಗದದಲ್ಲಿ ಸತ್ತವನ ಮೇಲೊಂದು ಅಚ್ಚುಹಾಕಿಸಿದ ಪದ್ಯ, ಅದರ ಮೇಲೆ ಕಪ್ಪು ಅರಗಿನ ಮುದ್ರೆ. ಬಿಸ್ಕತ್ತು ತಿಂದರೆ ಆ ಸಾವನ್ನು ಒಪ್ಪಿಕೊಂಡಂತೆ. ಪದ್ಯ ಕಟ್ಟುವವಳು ಥರ್ಜಾ. ಮೀನು ಸೀಳಿ ಸೀಳಿ ಬಿರುಕುಬಿಟ್ಟ ಕೈ, ಆದರೆ ಅಕ್ಷರ ಮುತ್ತು ಪೋಣಿಸಿದ ಹಾಗೆ.

ಅವಳ ಪದ್ಯಗಳಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು: ‘ದೌ ವರ್ಟ್’. ನೀನಿದ್ದೆ ಎಂದರ್ಥ. ಬೀದಿಯಲ್ಲಿ ಯಾರೂ ಹಾಗೆ ಆಡುವುದಿಲ್ಲ. ಇಂಗ್ಲಿಷಿನ ಆ ಹಳೆಯ ಕ್ರಿಯಾರೂಪ ಉಳಿದಿರುವುದು ಪ್ರಾರ್ಥನೆಗಳಲ್ಲಿ, ಕವಿಗಳ ಪುಸ್ತಕಗಳಲ್ಲಿ, ಗೋರಿಕಲ್ಲುಗಳ ಮೇಲೆ. ‘ಅವನಿದ್ದ’ ಎಂದರೆ ಊರಿಗೆ ಹೇಳಿದಂತೆ. ಇದು ಹಾಗಲ್ಲ, ಸತ್ತವನನ್ನೇ ಎದುರಿಗೆ ಕೂರಿಸಿಕೊಂಡು, ನಿನ್ನದು ಮುಗಿಯಿತಪ್ಪಾ ಎಂದು ಅವನ ಮುಖಕ್ಕೇ ಹೇಳಿದಂತೆ. ವಿಧವೆಯರಿಗೆ ಬೇಕಾದದ್ದೂ ಅದೇ. ಗಂಡನಿಗೂ ಹಿರಿಯ ಮಗನಿಗೂ ಥರ್ಜಾ ಅದನ್ನೇ ಬರೆದಿದ್ದಳು. ಇಬ್ಬರನ್ನೂ ಕಡಲು ನುಂಗಿತ್ತು.

ಉಳಿದವನು ರೂಬೆನ್. ಒಂದು ಮಾರ್ಚ್ ತಿಂಗಳಲ್ಲಿ ಏಡಿಬುಟ್ಟಿ ಎತ್ತಲು ಒಬ್ಬನೇ ಹೋದ. ಮೂರನೆಯ ದಿನ ಅವನ ದೋಣಿ ಬೋರಲಾಗಿ ದಡಕ್ಕೆ ಬಂತು, ಅವನು ಬರಲಿಲ್ಲ. ಥರ್ಜಾ ಮೂರು ವಾರ ಕಾದಳು. ಊರ ಹೆಂಗಸರು ಬಿಡಬೇಕಲ್ಲ! “ಎಲ್ಲರ ಮಕ್ಕಳಿಗೂ ಬರ್ದೆ, ನಿನ್ನ ಮಗನಿಗೆ ಬರ್ಯಲ್ವೇನೇ ಥರ್ಜಾ? ಅವನ ಆತ್ಮ ಅಲೀತಾ ಇರ್ಲಾ?” ಎಂದು ಬಾಗಿಲಲ್ಲೇ ಕೂತರು. ಅವಳು ಬರೆದಳು. ಅವಳು ಬರೆದದ್ದರಲ್ಲೆಲ್ಲ ಚೆಂದದ ಪದ್ಯ ಅದು, ಹಾಳಾದ್ದು. ನಲವತ್ತು ಕಾಗದ ಅಚ್ಚಾದವು. ಮೂವತ್ತೊಂಬತ್ತು ಮಂದಿ ತಿಂದು ಕಣ್ಣೊರೆಸಿಕೊಂಡರು. ತನ್ನ ಪಾಲಿನದನ್ನು ಥರ್ಜಾ ತಿನ್ನಲಿಲ್ಲ.

ಅದಾದ ಐದನೆಯ ದಿನ ರೂಬೆನ್ ಗುಡ್ಡ ಇಳಿದು ಬಂದ. ನಾರ್ವೆಯ ಹಡಗೊಂದು ಅವನನ್ನು ನೀರಿನಿಂದೆತ್ತಿ ತನ್ನೂರಿಗೆ ಒಯ್ದಿತ್ತು. ತಾಯಿ ಅವನನ್ನು ತಬ್ಬಿಕೊಂಡಳು. ಊರು ಮಾತ್ರ ಎರಡು ಹೆಜ್ಜೆ ಹಿಂದೆ ಸರಿಯಿತು.

ಯಾವ ದೋಣಿಯೂ ಅವನನ್ನು ಹತ್ತಿಸಲಿಲ್ಲ. ದೋಣಿ ಯಜಮಾನರಲ್ಲೇ ಹಿರಿಯನಾದ ಕ್ರೂಕ್ಸ್ ಮುಚ್ಚುಮರೆ ಇಲ್ಲದೆ ಹೇಳಿದ: “ನೋಡಪ್ಪಾ, ನಿನ್ನ ಮೇಲೆ ನಂಗೇನೂ ಕೋಪ ಇಲ್ಲ. ಆದ್ರೆ ಕಡಲಿಗೆ ನಿನ್ನ ಲೆಕ್ಕ ಒಪ್ಸಾಗಿದೆ. ಈಗ ಕರ್ಕೊಂಡ್ಹೋದ್ರೆ ತನ್ನ ಪಾಲು ಕೇಳತ್ತೆ, ಜತೆಗೆ ನಮ್ಮನ್ನೂ ಎಳ್ಕೊಳತ್ತೆ. ಆ ಕಾಗದ ಅಷ್ಟೂ ಸುಟ್ಟು ಬಾ. ನಲವತ್ತಕ್ಕೆ ನಲವತ್ತು. ಆಮೇಲೆ ನನ್ನ ದೋಣಿ ಹತ್ತು.”

ರೂಬೆನ್ ಮನೆಮನೆ ಅಲೆದ. ಬೈಬಲ್ಲಿನ ನಡುವಿನಿಂದ, ಸಕ್ಕರೆ ಡಬ್ಬಿಯಿಂದ, ಮುದುಕಿಯೊಬ್ಬಳ ದಿಂಬಿನಡಿಯಿಂದ ಕಾಗದ ಹೊರಬಂದವು. ಮೂವತ್ತೊಂಬತ್ತು, ಎಲ್ಲ ಒಲೆಗೆ ಹೋದವು. ಇನ್ನೊಂದು ಸಿಗಲಿಲ್ಲ. “ನಿನ್ನದೆಲ್ಲಮ್ಮ?” ಎಂದು ಕೇಳಿದಾಗ, “ಅವತ್ತಿನ ಗಲಾಟೇಲಿ ಎಲ್ಲೋ ಹೋಯ್ತು ಕಣೋ” ಎಂದಳು ಥರ್ಜಾ, ಮುಖ ತಿರುಗಿಸದೆ, ರೆಪ್ಪೆ ಬಡಿಯದೆ.

ಕಪಾಟಿನ ಮೇಲಿನ ಹೂಜಿಯೊಳಗೆ ಅದು ಬಿಸ್ಕತ್ತಿನ ಸಮೇತ, ಮುದ್ರೆ ಒಡೆಯದೆ ಕೂತಿತ್ತು. ಅದಿರುವವರೆಗೆ ಮಗ ನೆಲದ ಮೇಲಿರುತ್ತಾನೆ. ಸುಳ್ಳಾದರೆ ಸುಳ್ಳು, ನಾಚಿಕೆಯಾದರೆ ನಾಚಿಕೆ, ಬದುಕಿದ್ದರೆ ಸಾಕು ಎಂದುಕೊಂಡಳು. ಅವಳನ್ನು ಬಯ್ಯುವವರು ಇಬ್ಬರನ್ನು ಕಡಲಿಗೆ ಕೊಟ್ಟು ಆಮೇಲೆ ಬಯ್ಯಲಿ.

ರೂಬೆನ್ ಹೆಂಗಸರ ಜತೆ ಕೂತು ಗಾಳಕ್ಕೆ ಚಿಪ್ಪುಮಾಂಸ ಸಿಕ್ಕಿಸತೊಡಗಿದ. “ಏಯ್ ದೆವ್ವ, ಈ ಕಡೆ ಒಂದು ಬುಟ್ಟಿ ತಳ್ಳು” ಎಂದು ಅವರು ನಗುತ್ತಿದ್ದರು, ಬುಟ್ಟಿ ಇಸಕೊಳ್ಳುವಾಗ ಬೆರಳು ತಾಗದಂತೆ ನೋಡಿಕೊಳ್ಳುತ್ತಿದ್ದರು. ಮೊದಮೊದಲು ಅವನೂ ನಕ್ಕ. ಬೇಸಿಗೆ ಕಳೆಯುವಷ್ಟರಲ್ಲಿ ಮಾತು ನಿಂತಿತು, ಊಟ ಅರ್ಧವಾಯಿತು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಬಂದರುಕಟ್ಟೆಯ ತುದಿಯಲ್ಲಿ, ಬೂಟಿನ ಮೂತಿ ನೀರಿನ ಮೇಲೆ ಚಾಚಿಕೊಂಡಂತೆ ಅವನು ನಿಂತಿದ್ದನ್ನು ಥರ್ಜಾ ಕಂಡಳು. ಓಡಿಹೋಗಿ ತೋಳು ಹಿಡಿದಳು.

“ಬಿಡಮ್ಮ,” ಎಂದ ಅವನು ಮೆಲ್ಲಗೆ. “ನಂಗೇ ಒಂದೊಂದ್ಸಲ ಅನ್ಸತ್ತೆ, ಊರೋರು ಹೇಳೋದೇ ಸರಿ ಏನೋ ಅಂತ.”

ಮನೆಗೆ ಬಂದವಳೇ ಹೂಜಿ ಇಳಿಸಿದಳು. ರೂಬೆನ್ ನೋಡುತ್ತ ನಿಂತ. ಮುದ್ರೆ ಒಡೆಯದ ಪೊಟ್ಟಣವನ್ನು ತೆಗೆದು ಅವನ ಮುಂದೆ ಮೇಜಿನ ಮೇಲಿಟ್ಟಳು.

“ಆರು ತಿಂಗಳು, ಅಮ್ಮ?”

“ಆರು ತಿಂಗಳು ಉಳಿಸ್ಕೊಂಡೆ,” ಎಂದಳು ಥರ್ಜಾ. “ಇನ್ನು ನನ್ನ ಕೈಲಾಗಲ್ಲ ಮಗನೇ.”

ಅವನು ರೇಗಲಿಲ್ಲ. ಅವಳ ಕೈಯಿಂದಲೇ ಮುದ್ರೆ ಒಡೆಸಿದ, ಕ್ರೂಕ್ಸ್‌ನನ್ನು ಕರೆತಂದು ಅವನೆದುರಿಗೇ ಕಾಗದವನ್ನು ಒಲೆಗೆ ಹಾಕಿಸಿದ. ಮುದುಕ ತಲೆಯಾಡಿಸಿದ. “ನಾಳೆ ಬೆಳಿಗ್ಗೆ ನೀರಿಳಿತದ ಹೊತ್ತಿಗೆ ಬಾ. ತಡ ಮಾಡ್ಬೇಡ.”

ಬೆಳಗಾಯಿತು. ರೂಬೆನ್ ಮದುವೆಗೆ ಹೊರಟವನಂತಿದ್ದ. ಎಷ್ಟೋ ತಿಂಗಳ ಮೇಲೆ ಸಿಳ್ಳೆ ಹಾಕಲು ಹೋಗಿ, ಅಪಶಕುನವೆಂದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಥರ್ಜಾ ಅವನ ಉಣ್ಣೆಯ ಅಂಗಿಯ ಕೊರಳು ಸರಿಪಡಿಸಿ, ರೊಟ್ಟಿ ಕಟ್ಟಿಕೊಡಲು ಬೆನ್ನು ತಿರುಗಿಸಿದಳು. ಹಿಂದಿನಿಂದ ಕಟುಂ ಎಂದು ಸದ್ದಾಯಿತು.

ಕಾಗದ ಸುಟ್ಟ ಮೇಲೆ ಮೇಜಿನ ಮೇಲೆಯೇ ಉಳಿದುಹೋಗಿದ್ದ ಬಿಸ್ಕತ್ತು ಅವನ ಕೈಯಲ್ಲಿತ್ತು, ಅರ್ಧ.

“ಕಲ್ಲಾಗಿದೆ!” ಎಂದು ಅವನು ಅಗಿಯುತ್ತ ನಕ್ಕ. “ಊರೋರೆಲ್ಲ ತಿಂದ್ರು, ನನ್ನ ಬಿಸ್ಕತ್ತಿನ ರುಚಿ ನಂಗೊಬ್ಬನಿಗೇ ಗೊತ್ತಿರ್ಲಿಲ್ಲ. ಯಾಕಮ್ಮ ಹಾಗ್ ನೋಡ್ತೀಯಾ?” ಉಳಿದರ್ಧವನ್ನೂ ಬಾಯಿಗೆ ಹಾಕಿಕೊಂಡು, ರೊಟ್ಟಿಯ ಗಂಟು ಕಸಿದುಕೊಂಡು, ಹೊರಟೇಹೋದ. ನಲವತ್ತನೆಯ ಪಾಲೂ ತಿಂದಾಗಿತ್ತು.

ಥರ್ಜಾ ಅವನನ್ನು ಕೂಗಿ ಕರೆಯಲೆಂದೇ ಬಾಯಿ ತೆರೆದಳು. ಹೆಸರು ಬರಲಿಲ್ಲ. ಬಂದದ್ದು ಪದ್ಯದ ಮೊದಲ ಸಾಲು, ನೀನಿದ್ದೆ ಎಂದು ಶುರುವಾಗುವುದು. ಅವಳು ಶಾಲಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಬಾಗಿಲಲ್ಲಿ ನಿಂತಳು. ಕೆಳಗೆ ಕ್ರೂಕ್ಸ್‌ನ ದೋಣಿ ಹಾಯಿ ಬಿಚ್ಚುತ್ತಿತ್ತು.