ಅಡುಗೆ ಯಾರದು ಮೇಡಂ?

ನಮ್ಮ ಗೃಹಪ್ರವೇಶಕ್ಕೆ ಶಾಲೆಯವರೆಲ್ಲ ಬಂದಿದ್ದರು. ಬಂದವರಲ್ಲಿ ಅರ್ಧ ಜನ ಎಳನೀರು ಮಾತ್ರ ಕುಡಿದು ಹೋದರು. ನಮ್ಮ ಹೆಡ್‌ಮೇಡಂಗೆ ಒಪ್ಪತ್ತು, ಇನ್ನೊಬ್ಬರಿಗೆ ಹೊಟ್ಟೆ ಸರಿಯಿಲ್ಲ, ಮತ್ತೊಬ್ಬರು ಈಗಷ್ಟೇ ಉಂಡು ಬಂದವರು. ತೆಂಗಿನ ಸೀಮೆಯಲ್ಲಿ ಇದೊಂದು ಅನುಕೂಲ. ಎಳನೀರಿಗೆ ಯಾರ ಕೈಯೂ ತಾಗಿರುವುದಿಲ್ಲ. ಅಪ್ಪನ ಕಾಲಕ್ಕೇ ನಾವು ಬೌದ್ಧರಾದೆವು, ನಾನು ಹೈಸ್ಕೂಲ್ ಟೀಚರಾದೆ, ಅರಸೀಕೆರೆಯಲ್ಲಿ ಮನೆ ಕಟ್ಟಿಸಿದೆ. ಆದರೂ ನಮ್ಮ ಹುಟ್ಟೂರು ಗಂಡಸಿಯಲ್ಲಿ ನಾವು ಯಾವ ಕೇರಿಯವರೆಂಬುದನ್ನು ಯಾರೂ ಮರೆತಿರಲಿಲ್ಲ. ಅವತ್ತು ಮಿಕ್ಕ ಅನ್ನದ ಮುಂದೆ ಕೂತಿದ್ದ ಅವ್ವನ ಮುಖ ನೋಡಿ ನನಗೆ ಮೈಯೆಲ್ಲ ಉರಿದಿತ್ತು.

ಹಾಗಾಗಿ ಮುಂದಿನ ವರ್ಷ ಬುದ್ಧ ಪೂರ್ಣಿಮೆಗೆ ಅವರನ್ನೆಲ್ಲ ಊಟಕ್ಕೆ ಕರೆಯೋಣವೆಂದು ಅವ್ವ ಹೇಳಿದಾಗ ನನಗೆ ಸಂತೋಷಕ್ಕಿಂತ ಭಯವೇ ಹೆಚ್ಚಾಯಿತು. ಜೀವಮಾನವೆಲ್ಲ ಬೇರೆಯವರ ಕಣದಲ್ಲಿ ರಾಗಿ ತೂರಿ, ಅವರ ಅಂಗಳದಲ್ಲೇ ಕೂತು ಉಂಡು ಬಂದವಳು ಅವಳು. "ನಾನು ಮಾಡಿದ್ದ ಒಂದ್ಸಲ ನಾಕ್ ಜನ ಕೂತು ಉಣ್ಲಿ ಕಣವ್ವ. ಇನ್ನೇನೂ ಬ್ಯಾಡ ನಂಗೆ," ಎಂದಳು.

ದಾರಿ ತೋರಿಸಿದವರು ಪಕ್ಕದ ಮನೆಯ ಮುಸ್ಲಿಂ ಅಕ್ಕ. ಕೊಬ್ಬರಿ ಮಂಡಿಯವರ ಹೆಂಡತಿ, ಲೋಕ ಕಂಡವರು. "ಹಬ್ಬಕ್ಕೆ ಬೇರೆಯೋರ್ನ ಕರೆದ್ರೆ ನಾವು ಅಡುಗೆ ಭಟ್ರನ್ನೇ ಕರೆಸೋದು ಟೀಚರಮ್ಮ. ಬಂದೋರು ಮೊದ್ಲು ಕೇಳೋದೇ ಅಡುಗೆ ಯಾರದು ಅಂತ. ಭಟ್ರದು ಅಂದ್ಬಿಟ್ರೆ ತೆಪ್ಪಗೆ ಉಣ್ತಾರೆ."

ಭಟ್ಟರಿಗೆ ಹೇಳಿದೆ. ಅವ್ವ ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು. "ಯಾಕೆ, ನನ್ ಕೈಗೇನಾಗೈತೆ?"

"ಅಷ್ಟು ಜನಕ್ಕೆ ಮಾಡೋದು ನಿಂಗೆ ಕಷ್ಟ ಆಗುತ್ತೆ," ಎಂದೆ.

ನಾನು ಸುಳ್ಳು ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು. "ಹಂಗಾರೆ ಪಾಯಸ ಒಂದ್ನ ನಾನೇ ಮಾಡ್ತೀನಿ. ಅದ್ನ ಮಾತ್ರ ಬಿಟ್ಕೊಡಕಿಲ್ಲ," ಎಂದಳು.

ಹುಣ್ಣಿಮೆಯ ಮಧ್ಯಾಹ್ನ ಮೋಡ ಕವಿದು, ಒಂದೆಲೆಯೂ ಅಲುಗದೆ ಸೆಕೆಗೆ ಮನೆಯೆಲ್ಲ ಬೇಯುತ್ತಿತ್ತು. ಕರೆಂಟು ಹೋಗಿತ್ತು. ನಡುಮನೆಯಲ್ಲಿ ಸಾಲಾಗಿ ಎಲೆ ಹಾಕಿದ್ದೆವು. ಭಟ್ಟರು ಬಡಿಸಿ ಹಿತ್ತಿಲಿಗೆ ಹೋದರು. ಹೆಡ್‌ಮೇಡಂ ಎಲೆಯ ಮುಂದೆ ಕೂತಿದ್ದರು, ಕೈ ಮಾತ್ರ ತೊಡೆಯ ಮೇಲೇ ಇತ್ತು.

"ಅಡುಗೆ ಯಾರದು ಮೇಡಂ?" ನಗುನಗುತ್ತಲೇ ಕೇಳಿದರು.

ಸಾಲಿನವರೆಲ್ಲ ನನ್ನ ಕಡೆ ತಿರುಗಿದರು. "ಭಟ್ಟರದು," ಎಂದೆ.

"ಎಲ್ಲಾನೂ?"

"ಎಲ್ಲಾನೂ."

ಕೈ ಎಲೆಗೆ ಇಳಿಯಿತು. ಅದನ್ನು ನೋಡಿ ಉಳಿದ ಕೈಗಳೂ ಇಳಿದವು.

ಪಾಯಸವನ್ನು ನಾನೇ ಬಡಿಸಿದೆ. ಯಾರೂ ಏನೂ ಕೇಳದಿದ್ದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅವ್ವ ಅಡುಗೆಮನೆಯ ಪರದೆಯ ಹಿಂದಿದ್ದಳು. ಹೊರಗೆ ಬಂದು, ಇನ್ನೊಂಚೂರು ಹಾಕ್ಲಾ ಎಂದುಬಿಟ್ಟರೆ? ಹೆತ್ತ ತಾಯಿ ಹೊರಗೆ ಬಾರದಿರಲಿ ಎಂದು ಬೇಡಿಕೊಂಡೆ, ಅದೂ ಬುದ್ಧನ ಪಟದ ಕೆಳಗೆ ನಿಂತು.

ಸಾಲಿನ ಕೊನೆಯಲ್ಲಿ ನಮ್ಮ ಗಣಿತದ ಮೇಷ್ಟ್ರು ಕೂತಿದ್ದರು. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯವರು, ಜೈನರು. ಗೆಡ್ಡೆಗೆಣಸು ಏನಾದರೂ ಹಾಕಿದ್ದೀರಾ ಎಂದು ಕೇಳಿದ್ದರೇ ಹೊರತು ಮಾಡಿದವರು ಯಾರೆಂದು ಕೇಳಿರಲಿಲ್ಲ. ಅವರು ತಲೆಯೆತ್ತಿದರು.

"ನಮ್ಮಮ್ಮ ಹೋದ್ಮೇಲೆ ಇಂಥ ಪಾಯಸ ಉಂಡಿರ್ಲಿಲ್ಲ ಮೇಡಂ. ಮಾಡಿದೋರ್ನ ಕರೀರಿ, ಕೈ ಮುಗೀಬೇಕು."

ಪರದೆ ಅಲುಗಿತು. ಅದರ ಕೆಳಗೆ ಅವ್ವನ ಪಾದ ಕಂಡಿತು. ಸೆರಗು ಸರಿಮಾಡಿಕೊಳ್ಳುತ್ತಿದ್ದ ಅವಳ ಬಳೆ ಸದ್ದು ಕೇಳಿತು. ಹೆಡ್‌ಮೇಡಂ ಬಾಯಿಗೆ ಒಯ್ಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು.

"ಭಟ್ರೇ, ಸ್ವಲ್ಪ ಬನ್ನಿ ಇಲ್ಲಿ," ಎಂದು ಹಿತ್ತಿಲ ಕಡೆಗೆ ಕೂಗಿದೆ.

ಭಟ್ಟರು ಟವಲಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದರು. ಮೇಷ್ಟ್ರು ಎಂಜಲು ಕೈಯೆಂದು ಸಂಕೋಚಪಡುತ್ತಲೇ ತಲೆ ಬಾಗಿಸಿ, ಪಾಯಸಕ್ಕೆ ನಮಸ್ಕಾರ ಹೇಳಿದರು. ಭಟ್ಟರು ಪರದೆಯ ಕಡೆ ನೋಡಿದರು. ಏನೋ ಹೇಳಲು ಬಾಯಿ ತೆರೆದವರು ನನ್ನ ಕಣ್ಣು ನೋಡಿದರು. ಪಾಪ, ತಮ್ಮದಲ್ಲದ ನಮಸ್ಕಾರವನ್ನು ತಲೆ ತಗ್ಗಿಸಿ ತೆಗೆದುಕೊಂಡರು. ಪರದೆಯ ಕೆಳಗಿದ್ದ ಪಾದಗಳು ಹಿಂದೆ ಸರಿದವು.

ಹೆಡ್‌ಮೇಡಂ ಎರಡನೇ ಸಲ ಪಾಯಸ ಹಾಕಿಸಿಕೊಂಡರು. ಯಾರ ಎಲೆಯಲ್ಲೂ ಒಂದಗುಳು ಉಳಿಯಲಿಲ್ಲ. ಎಲ್ಲರೂ ಬಾಯ್ತುಂಬ ಹೊಗಳಿ ಹೋದರು. ಬೆಳಿಗ್ಗೆ ಅವ್ವ ಪಾಯಸ ಕಾಸುವುದನ್ನು ಕಂಡಿದ್ದ ಪಕ್ಕದ ಮನೆಯ ಅಕ್ಕ ಮಾತ್ರ ಹೋಗುವಾಗ ನನ್ನ ಕಡೆ ನೋಡಲಿಲ್ಲ. ವರ್ಷವಿಡೀ ಯಾರು ಯಾರಿಗೋ ಹೆದರಿಕೊಂಡಿದ್ದೆ. ಅವತ್ತು ಅವ್ವನಿಗೆ ಅವಮಾನ ಮಾಡಿದವಳು ನಾನು, ಅವರ್ಯಾರೂ ಅಲ್ಲ.

ಅವ್ವ ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅವಳು ಒಂದು ಎಲೆ ತೊಳೆದು ನನ್ನ ಮುಂದೆ ಹಾಕಿದಳು, ಪಾತ್ರೆಯ ತಳದಲ್ಲಿದ್ದುದನ್ನು ಸೌಟಿನಲ್ಲಿ ಬಳಿದು ಬಡಿಸಿದಳು.

"ಉಣ್ಣವ್ವ," ಎಂದಳು. "ಭಟ್ರು ಮಾಡಿರೋ ಪಾಯಸ. ಚೆನ್ನಾಗೈತೆ."