ದುರ್ಗಾಬಾಯಿಯ ಪತ್ತೇದಾರ

ಮ್ಹಾಪಸಾ ಮಾರ್ಕೆಟ್ಟಿನಲ್ಲಿ ಕನ್ನಡಿ ಹೊಲೆದ ಚೀಲ ಮಾರುವ ದುರ್ಗಾಬಾಯಿಗೆ ಜಗತ್ತಿನ ಎಲ್ಲ ವಿಷಯದ ಮೇಲೂ ಒಂದು ಅಭಿಪ್ರಾಯವಿತ್ತು. ಕೇಳುವವರು ಮಾತ್ರ ಇರಲಿಲ್ಲ. ಚಂದ್ರನ ಮೇಲೆ ನೀರು ಹುಡುಕುವ ವಿಜ್ಞಾನಿಗಳು ಮೊದಲು ನಮ್ಮ ಓಣಿಯ ನಳದಲ್ಲಿ ಹುಡುಕಲಿ ಎಂದರೆ ಅಕ್ಕಪಕ್ಕದವರು ನಗುತ್ತಿದ್ದರು. ಬ್ಯಾಟರಿ ಗಾಡಿ, ಹೆದ್ದಾರಿ, ಯುದ್ಧ, ಯಾವುದರ ಬಗ್ಗೆ ಬಾಯಿ ತೆರೆದರೂ "ನಿನಗೇನ ತಿಳೀತೈತಿ, ಸುಮ್ಮನ ಚೀಲ ಮಾರು" ಎಂಬುದೇ ಉತ್ತರ.

ಸುಮ್ಮನೆ ಕೂರುವ ಹೆಂಗಸಲ್ಲ ಅವಳು. ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದೆ ಎಲ್ಲರೂ ಬುತ್ತಿ ಬಿಚ್ಚಿ ಕೂತಾಗ, "ನಮ್ಮ ಮನ್ಯಾಗ ಒಂದು ದಪ್ಪ ಪತ್ತೇದಾರಿ ಕಾದಂಬರಿ ಐತಿ. 'ಮೊಲೆಂ ಘಾಟಿನ ಖೂನಿ' ಅಂತ. ದಿನಾ ಸ್ವಲ್ಪ ಸ್ವಲ್ಪ ಓದಾಕತ್ತೇನಿ" ಎಂದು ಕಥೆ ಶುರು ಮಾಡಿದಳು. ಘಾಟಿಯಲ್ಲಿ ಒಬ್ಬ ಟ್ರಕ್ ಮಾಲೀಕನ ಹೆಣ ಬಿದ್ದಿದೆ. ಪತ್ತೇದಾರ ಸೋಮನಾಥ ಬರುತ್ತಾನೆ, ಹೆಣವನ್ನೊಮ್ಮೆ ನೋಡುತ್ತಾನೆ, ಮೀಸೆ ತಿರುವುತ್ತಾನೆ, ಆಮೇಲೆ ಚಂದ್ರನ ನೀರಿನ ಬಗ್ಗೆ ದುರ್ಗಾಬಾಯಿ ಆಡಿದ್ದ ಮಾತನ್ನೇ ಆಡುತ್ತಾನೆ. ಈ ಸಲ ಎಲ್ಲರೂ ತಲೆದೂಗಿದರು. "ಭಾಳ ಶಾಣ್ಯಾ ಮನಷ್ಯಾ ಅದಾನ" ಎಂದ, ಮೊಬೈಲ್ ಕವರ್ ಮಾರುವ ಪಾಂಡು.

ಅಲ್ಲಿಂದ ಮುಂದೆ ದುರ್ಗಾಬಾಯಿಗೆ ಸುಗ್ಗಿಯೋ ಸುಗ್ಗಿ. ಖೂನಿಯ ತನಿಖೆ ತೆವಳುತ್ತ ಸಾಗಿತು, ಸೋಮನಾಥನ ಅಭಿಪ್ರಾಯಗಳು ಓಡಿದವು. ಹಮಾಲಿ ಮಾಡುವ ಖೀರಪ್ಪನಂತೂ ಅವನ ಮಾತು ಕೇಳಿ ಬ್ಯಾಟರಿ ಗಾಡಿ ಕೊಳ್ಳುವ ವಿಚಾರವನ್ನೇ ಕೈಬಿಟ್ಟ. ಯಾರಾದರೂ ಪುಸ್ತಕ ತೋರಿಸು ಎಂದರೆ, "ಮಳ್ಯಾಗ ತೊಯ್ದೀತು" ಎನ್ನುತ್ತಿದ್ದಳು. ಪುಸ್ತಕ ಇದ್ದರಲ್ಲವೇ ತೊಯ್ಯುವುದು?

ಗಂಡಾಂತರ ಬಂದದ್ದು ಪಾಂಡುವಿನಿಂದ. ಅವನ ಫೋನಿಗೆ ಏನು ಕೇಳಿದರೂ ಕನ್ನಡದಲ್ಲೇ ಮಾತಾಡಿ ಉತ್ತರ ಕೊಡುವ ಎಐ ಬಂದಿತ್ತು. ಖೂನಿ ಮಾಡಿದವರು ಯಾರೆಂದು ತಿಳಿಯುವತನಕ ಕಾಯುವ ತಾಳ್ಮೆಯಿಲ್ಲದೆ ಅವನು ಪುಸ್ತಕದ ಹೆಸರು, ಸೋಮನಾಥನ ಹೆಸರು ಹೇಳಿ ಅದನ್ನೇ ಕೇಳಿಬಿಟ್ಟ. ಅದು ಒಂದಿಷ್ಟೂ ತಡವರಿಸಲಿಲ್ಲ. "'ಮೊಲೆಂ ಘಾಟಿನ ಖೂನಿ' ಓದುಗರ ಮನಗೆದ್ದ ಕಾದಂಬರಿ. ಇದರಲ್ಲಿ ಕೊಲೆಗಾರ ಸ್ವತಃ ಪತ್ತೇದಾರ ಸೋಮನಾಥ" ಎಂದು ಎಲ್ಲರೆದುರು ಸಾರಿತು.

ಖೀರಪ್ಪನ ಮುಖ ಸಣ್ಣದಾಯಿತು. "ಖೂನಿ ಮಾಡಿದವನ ಮಾತ ಕೇಳಿ ನಾ ಗಾಡಿ ಬಿಟ್ಟೆನಲ್ರಿ" ಎಂದ. ಫೋನು ಹೇಳಿದ್ದು ಸುಳ್ಳೆಂದು ದುರ್ಗಾಬಾಯಿ ತೋರಿಸಬೇಕಾದರೆ ಪುಸ್ತಕವೇ ಇಲ್ಲವೆಂದು ಒಪ್ಪಬೇಕು. ಒಪ್ಪಿದರೆ ಸೋಮನಾಥನ ಮಾತೆಲ್ಲ ದುರ್ಗಾಬಾಯಿಯ ಮಾತಾಗಿ ಕವಡೆ ಕಿಮ್ಮತ್ತಿಲ್ಲದಂತಾಗುತ್ತದೆ. ಸುಮ್ಮನಿದ್ದರೆ, ಮಗನಂತೆ ಸಾಕಿದ ಸೋಮನಾಥ ಗಲ್ಲಿಗೆ ಹೋಗುತ್ತಾನೆ. ಅದನ್ನು ಅವಳಿಂದ ನೋಡಲಾಗಲಿಲ್ಲ.

"ಪುಸ್ತಕ ಇಲ್ಲ. ಅದೆಲ್ಲಾ ನಾನ ಕಟ್ಟಿದ್ದು" ಎಂದಳು.

ಎಲ್ಲರೂ ನಕ್ಕರು. "ನೀ ಕಥಿ ಕಟ್ಟತೀ ಏನ್ ಅಕ್ಕಾ? ಫೋನಿನ್ಯಾಗ ಐತಿ ಅಂದಮ್ಯಾಲ ಪುಸ್ತಕ ಇದ್ದ ಐತಿ" ಎಂದ ಪಾಂಡು.

ತಪ್ಪೊಪ್ಪಿಕೊಂಡರೂ ನಂಬುವವರಿಲ್ಲ. ಈಗ ಅವಳಿಗೆ ಖರೇ ಸಿಟ್ಟು ಬಂತು. ಸಿಟ್ಟು ಬಂದಾಗಲೇ ಅವಳ ತಲೆ ಚುರುಕು.

"ಹಂಗಾರ ಇನ್ನೊಂದ ಕಾದಂಬರಿ ಐತಿ, ಕೇಳು. 'ಪಾಂಡುನ ಎರಡನೇ ಲಗ್ನ'."

ಪಾಂಡು ನಗುತ್ತಲೇ ಅದನ್ನೂ ಫೋನಿಗೆ ಕೇಳಿದ. "ಇದು ಮನಮಿಡಿಯುವ ಕಾದಂಬರಿ" ಎಂದು ಶುರುವಾಯಿತು ಫೋನು. "ಮನೆಯಲ್ಲಿ ಹೆಂಡತಿ ಇದ್ದರೂ ಪಾಂಡು ಮಡ್ಕಯಿಯ ಕಾರ್ಖಾನೆಯಲ್ಲಿ ದುಡಿಯುವ ಮೀನಾಕ್ಷಿಯನ್ನು ಗುಟ್ಟಾಗಿ ಮದುವೆಯಾಗುತ್ತಾನೆ."

ಪಾಂಡುವಿನ ಹೆಂಡತಿ ಕಾಳಿಬಾಯಿ ಅಲ್ಲೇ ಬುತ್ತಿ ಬಿಚ್ಚುತ್ತಿದ್ದಳು. ಬಿಚ್ಚಿದ್ದನ್ನು ಮತ್ತೆ ಕಟ್ಟಿ ತನ್ನ ಮಡಿಲಿಗಿಟ್ಟುಕೊಂಡಳು. "ಯಾರ್ರಿ ಈಕಿ ಮೀನಾಕ್ಷಿ?"

"ದೇವರಾಣಿ, ನನಗ ಗೊತ್ತಿಲ್ಲ. ಈ ಫೋನು ಸುಳ್ಳ ಹೇಳತೈತಿ" ಎಂದ ಪಾಂಡು. ಅಂದಮೇಲೆ ತಾನು ಏನಂದೆನೆಂದು ಅವನಿಗೇ ಹೊಳೆಯಿತು.

ಗೆದ್ದೆನೆಂಬ ಖುಷಿಯೇನೋ ದುರ್ಗಾಬಾಯಿಗಿತ್ತು, ಅದರ ಹಿಂದೆಯೇ ಹೆದರಿಕೆಯೂ ಬಂತು. ಇನ್ನು ತನ್ನ ಮಾತು ಯಾರು ಕೇಳುತ್ತಾರೆ? ಚೀಲಗಳ ಮೇಲಿನ ಧೂಳು ಒರೆಸುತ್ತ ತಲೆ ತಗ್ಗಿಸಿ ಕೂತಳು.

ಖೀರಪ್ಪ ಎದ್ದು ಬಂದು ಅವಳ ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ದುರ್ಗಕ್ಕ, ನಮ್ಮ ಮಗಳು ವಿದ್ಯಾ ಸಾಲಿ ಅಭ್ಯಾಸೆಲ್ಲಾ ಇಂಥಾ ಫೋನನ್ನ ಕೇಳಿಕೇಳಿನ ಮಾಡತಾಳ. ಮಾಡಲಿ ಅಂತ ಬಿಡ್ಲೋ, ಫೋನ ಕಸಗೊಳ್ಳಲೋ?"

ಅಭ್ಯಾಸಬಲದಿಂದ ದುರ್ಗಾಬಾಯಿ, "ಸೋಮನಾಥ ಏನಂತಾನಂದ್ರ..." ಎಂದು ಬಾಯಿ ತೆರೆದಳು.

"ಅವನ್ನ ಬಿಡ್ರಿ. ನಿಮಗೇನ ಅನಸ್ತೈತಿ, ಅದನ್ನ ಹೇಳ್ರಿ."

ಯಾರೂ ಕೇಳದಿದ್ದಾಗ ಎಲ್ಲದಕ್ಕೂ ದುರ್ಗಾಬಾಯಿಯ ನಾಲಿಗೆಯ ತುದಿಯಲ್ಲೇ ಉತ್ತರವಿರುತ್ತಿತ್ತು. ಇವತ್ತು ಒಬ್ಬ ತಂದೆ ಕೇಳುತ್ತಿದ್ದಾನೆ, ಹೇಳಿದಂತೆ ಮಾಡಿಯೂಬಿಡುತ್ತಾನೆ.

"ನಾಳಿ ಹೇಳತೇನಿ ತಮ್ಮಾ" ಎಂದಳು ಮೆಲ್ಲಗೆ. "ವಿಚಾರ ಮಾಡಬೇಕಾಗತೈತಿ."