ತಾಯಿ ಕಡೆಯ ಸಾಕ್ಷಿ

ಬೆಳಗಾವಿಯಲ್ಲಿ ನನಗೆ ಸಂಶೋಧನೆ ಕಲಿಸಿದ ಮೇಡಂ ಏನು ಹೇಳುವ ಮೊದಲೂ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಆಮೇಲೆ, ‘ಇನ್ನೊಬ್ಬರನ್ನೂ ಕೇಳೂಣು’ ಅನ್ನುತ್ತಿದ್ದರು.

ನಮ್ಮೂರು ಖಾನಾಪುರದ ಕಡೆಯ ಹಳ್ಳವೊಂದರಲ್ಲಿ ನನಗೊಂದು ಸಣ್ಣ ಮೀನು ಸಿಕ್ಕಿತ್ತು. ಅದರ ಬಾಯಿ, ಬಾಲ ಎರಡೂ ಹೊಳೆಯ ಮಾಮೂಲಿ ಮೀನಿನಂತಿರಲಿಲ್ಲ. ಹೊಸ ಜಾತಿಯೆಂದು ಹಿಗ್ಗಿದ್ದೆ. ಆದರೆ ಇದರದೂ ಹೊಳೆಯ ಮೀನಿನದೂ ಮೈಟೊಕಾಂಡ್ರಿಯದ ಡಿಎನ್‌ಎ ಒಂದೇ ಬಂತು; ಅಂದರೆ ಹೊಸ ಜಾತಿಯಲ್ಲ ಎಂದಾಯಿತು.

‘ನನ್ನ ಕೆಲಸ ಮುಗೀತ್ರಿ ಮೇಡಂ’ ಎಂದು ಅತ್ತುಬಿಟ್ಟೆ.

ಅವರು ಚಹಾ ತರಿಸಿದರು. ‘ಕುಂದ್ರವಾ. ಈ ಡಿಎನ್‌ಎ ತಾಯಿ ಕಡಿಂದಷ್ಟ ಬರ್ತೈತಿ. ಯಾವ ಕಾಲದಾಗೋ ಹೊಳಿಯ ಹೆಣ್ಣು ಮೀನು ಇದರ ಮುತ್ತಜ್ಜನ ಜೋಡಿ ಕೂಡಿರಬೇಕು. ಆ ತಾಯಿ ಗುರುತು ಇದರಾಗ ಉಳದಿರಬಹುದು. ಇನ್ನೊಬ್ಬರನ್ನೂ ಕೇಳೂಣು, ತಂದಿ ಕಡಿದೂ ನೋಡೂಣು.’

ರಜೆಯಿಡೀ ಅವರು ನನ್ನ ಬಾಜು ನಿಂತು, ತಂದೆ ತಾಯಿ ಇಬ್ಬರಿಂದಲೂ ಬರುವ ಡಿಎನ್‌ಎ ಪರೀಕ್ಷೆ ಮಾಡಿಸಿದರು. ಅದರಲ್ಲಿ ಎರಡು ಮೀನೂ ಸ್ಪಷ್ಟವಾಗಿ ಬೇರೆ ಬೇರೆ ಎಂದು ಬಂತು.

ಮೇಡಂ ನನ್ನ ಫೋನ್ ಇಸಿದುಕೊಂಡು ಊರಲ್ಲಿದ್ದ ಅವ್ವನಿಗೆ ಹಚ್ಚಿದರು. ‘ನಿಮ್ಮ ಮಗಳು ಯಾರೂ ಗುರುತಿಸದ ಮೀನು ಹುಡುಕ್ಯಾಳ್ರೀ ಅವ್ವಾರ.’

‘ಇನ್ನೊಮ್ಮೆ ಹೇಳ್ರಿ’ ಅಂದಳು ಅವ್ವ.

ಮೇಡಂ ಮೊದಲಿಗಿಂತ ಜೋರಾಗಿ, ಇಡೀ ಲ್ಯಾಬಿಗೆ ಕೇಳುವ ಹಾಗೆ ಹೇಳಿದರು.